ಗೋಲಿನ ಹಿಂದೆ ಕಾಲುವೆ ಇತ್ತು

ದೈಹಿಕ ಶಿಕ್ಷಣದ ಮಾಸ್ತರರಾಗಿ ಸೇರುವವರಿಗೆ ತರಬೇತಿಯಲ್ಲಿ ಯಾರೂ ಹೇಳದ ಸಂಗತಿಯೊಂದಿದೆ. ನೀವು ಮೈದಾನದಲ್ಲಿ ಇರುವುದು ಕಡಿಮೆ, ಉಳಿದ ಕಡೆ ಇರುವುದೇ ಹೆಚ್ಚು. ಗಂಟೆ ಹೊಡೆಸುವವರು ನೀವು, ಪ್ರಾರ್ಥನೆಗೆ ಸಾಲು ನಿಲ್ಲಿಸುವವರು ನೀವು, ಬಿಸಿಯೂಟದ ಹೊತ್ತಿಗೆ ನಲ್ಲಿಯ ಹತ್ತಿರ ಜಗಳ ಬಿಡಿಸುವವರು ನೀವು. ದೊಡ್ಡವರು ಯಾರಾದರೂ ಊರಿಗೆ ಬಂದರೆ ಹುಡುಗರನ್ನು ರಸ್ತೆಯ ಎರಡೂ ಬದಿಗೆ ಬಿಸಿಲಲ್ಲಿ ನಿಲ್ಲಿಸುವ ಪಾಪವೂ ನಿಮ್ಮದೇ. ಗಣಿತದ ಪಾಠ ಮುಗಿಯಲಿಲ್ಲವೆಂದರೆ ಮೊದಲು ಹೋಗುವುದು ನಿಮ್ಮ ಪಿರಿಯಡ್ಡು. ಇಷ್ಟೆಲ್ಲ ಆದ ಮೇಲೆ ಸಂಜೆ ಉಳಿಯುವ ಒಂದು ತಾಸಿನಲ್ಲಿ ನೀವು ಹುಡುಗರಿಗೆ ಏನನ್ನು ಹೇಳುತ್ತೀರೋ, ಅದನ್ನು ಅವರು ಮರೆಯುವುದಿಲ್ಲ. ಇದು ಒಳ್ಳೆಯ ಸುದ್ದಿ ಅಂದುಕೊಂಡು ನಾನು ನೌಕರಿ ಮಾಡಿದೆ. ಹೆದರಬೇಕಾದ ಸುದ್ದಿಯೂ ಹೌದು ಎಂಬುದು ಬಹಳ ತಡವಾಗಿ ತಿಳಿಯಿತು.

ನಾನು ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ವರ್ಷದ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದವನು. ಮಸ್ಕಿಯಲ್ಲಿ ಶುರು ಮಾಡಿ, ಸಿಂಧನೂರಿನ ಹತ್ತಿರ ಕಾಲುವೆ ದಂಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಬಹಳ ವರ್ಷ ಇದ್ದು, ಲಿಂಗಸುಗೂರಿನಲ್ಲಿ ನಿವೃತ್ತನಾದೆ. ಈಗ ಮನೆ ಸಿಂಧನೂರಿನಲ್ಲಿ. ಇದನ್ನೆಲ್ಲ ಬರೆಯಿರಿ ಎಂದು ಬೆನ್ನು ಹತ್ತಿದವನು ಅಮರೇಶ. ಗುರುಗುಂಟಾದ ಹುಡುಗ, ಲಿಂಗಸುಗೂರಿನಲ್ಲಿ ನನ್ನ ಕೈಯಲ್ಲಿ ಆಡಿ ಬೆಳೆದವನು. ನಾನು ಹಿಂದೆ ಇದ್ದ ಆ ಕಾಲುವೆ ದಂಡೆಯ ಶಾಲೆಗೇ ಈಗ ಹೊಸ ಪಿ.ಟಿ. ಮಾಸ್ತರನಾಗಿ ಬಂದಿದ್ದಾನೆ. ಮೊದಲು ಅವನು ಕೇಳಿದಾಗ ಆಗುವುದಿಲ್ಲ ಅಂದಿದ್ದೆ. ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ, ಅದಕ್ಕೆ ನನ್ನಲ್ಲಿ ಧೈರ್ಯ ಇರಲಿಲ್ಲ. ಈಚೆಗೆ ಒಂದು ಭಾರ ಇಳಿದಿದೆ. ಈಗ ಬರೆಯಬಲ್ಲೆ.

ಮಸ್ಕಿಯ ಪ್ರಮಾದದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದನ್ನು ನೆನೆದರೆ ಇಂದಿಗೂ ನಗು ಬರುತ್ತದೆ. ಆಗ ನಮ್ಮ ಶಾಲೆಯಲ್ಲಿ ಅಳತೆಯ ಟೇಪು ಇರಲಿಲ್ಲ. ಬಾವಿಗೆ ಬಳಸುವ ನೂಲಿನ ಹಗ್ಗವೊಂದನ್ನು ತಂದು, ಗಂಟು ಹಾಕಿ, ಅದರಿಂದಲೇ ನೂರು ಮೀಟರಿನ ಓಟದ ಹಾದಿ ಅಳೆಯುತ್ತಿದ್ದೆ. ಒಂದು ಸಲ ಕ್ರೀಡಾಕೂಟದ ಮುಂಚೆ ಮಳೆ ಬಂದು ಹಗ್ಗ ನೆನೆಯಿತು. ನೂಲಿನ ಹಗ್ಗ ನೆನೆದರೆ ಕುಗ್ಗುತ್ತದೆ ಎಂಬುದು ಎಮ್ಮೆ ಕಟ್ಟುವ ಯಾವ ಮನುಷ್ಯನಿಗೂ ಗೊತ್ತು, ನನಗೆ ಹೊಳೆಯಲಿಲ್ಲ. ಆ ಹಗ್ಗದಿಂದಲೇ ಅಳೆದು ಸುಣ್ಣದ ಗೆರೆ ಹಾಕಿದೆ. ಒಬ್ಬ ಹುಡುಗ ಓಡಿದ. ಗಡಿಯಾರ ನೋಡಿದರೆ ದೇಶದ ದೊಡ್ಡ ಓಟಗಾರರ ಹತ್ತಿರಕ್ಕೆ ಬಂದಿದ್ದ. ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಅವನ ಕೊರಳಿಗೆ ಹಾರ ಹಾಕಿಸಿದರು. ಅವನ ಅಪ್ಪ ಶಾಲೆಗೆಲ್ಲ ಮಂಡಕ್ಕಿ ಹಂಚಿದ. ರಾಯಚೂರಿಗೆ ಕರೆದುಕೊಂಡು ಹೋದರೆ ಹುಡುಗ ಕೊನೆಯಿಂದ ಎರಡನೆಯವನಾಗಿ ಬಂದ. ಕಾರಣ ಹೊಳೆದದ್ದು ವಾಪಸ್ ಬರುವ ಬಸ್ಸಿನಲ್ಲಿ. ಇಳಿದವನೇ ಹೆಡ್ ಮಾಸ್ತರರ ಹತ್ತಿರ ಹೋಗಿ ಹಗ್ಗದ ವಿಷಯ ಹೇಳಿದೆ.

ಅವರು ಕನ್ನಡಕ ತೆಗೆದು ಒರೆಸಿಕೊಂಡು ಅಂದರು, "ಅಲ್ರೀ ಮಾಸ್ತರ, ಮಸ್ಕಿಯಿಂದ ರಾಯಚೂರಿಗೆ ಹೋಗೂದ್ರಾಗ ದೇಶದ ದಾಖಲಿ ಎಲ್ಲಿ ಬಿತ್ತು ಅಂತ ನಾನೂ ಹುಡುಕಾಕತ್ತಿದ್ದೆ."

ಆಮೇಲೆ ನಕ್ಕರು. ನಾನೇ ಬಂದು ಹೇಳಿದ್ದು ಒಳ್ಳೆಯದಾಯಿತು, ತಪ್ಪನ್ನು ಆದ ದಿನವೇ ಹೇಳಿದರೆ ನಗಬಹುದು, ಬೆಳೆಯಲು ಬಿಟ್ಟರೆ ನಗಲು ಬರುವುದಿಲ್ಲ ಅಂದರು. ಅಂಥ ಮೇಲಧಿಕಾರಿ ಮತ್ತೆ ನನಗೆ ಸಿಗಲಿಲ್ಲ. ಅವರ ಮಾತನ್ನು ನೆನಪಿಟ್ಟುಕೊಂಡು ನಡೆದಿದ್ದರೆ ಮುಂದಿನದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಇನ್ನೊಬ್ಬ ಅಧಿಕಾರಿ ಇದ್ದರು, ತನಿಖೆಗೆ ಬರುವವರು. ಅವರಿಗೆ ಆಟ ಬೇಕಿರಲಿಲ್ಲ, ಗೆರೆ ಬೇಕಿತ್ತು. ಜೀಪಿನಿಂದ ಇಳಿದವರೇ ಸುಣ್ಣದ ಗೆರೆ ನೆಟ್ಟಗಿದೆಯೇ ಎಂದು ಬಗ್ಗಿ ನೋಡುತ್ತಿದ್ದರು. ಗೆರೆ ನೆಟ್ಟಗಿದ್ದರೆ ಒಳ್ಳೆಯ ಶಾಲೆ. ಹೀಗಾಗಿ ನಾವೆಲ್ಲ ಗೆರೆ ಹಾಕುವುದರಲ್ಲಿ ಪಳಗಿದೆವು. ತನಿಖೆಯ ದಿನ ಗೆರೆ ಅಳಿಸಿಬಿಡುತ್ತದೆಂದು ಹುಡುಗರನ್ನು ಮೈದಾನಕ್ಕೆ ಬಿಡುತ್ತಿರಲಿಲ್ಲ. ಆಗ ಇದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಈಗಿನವರಿಗೆ ಗೆರೆಯ ಬದಲು ಫೋಟೋ. ಹುಡುಗರು ಸಾಲಾಗಿ ನಿಂತ ಫೋಟೋ ಗ್ರೂಪಿಗೆ ಹಾಕಿದರೆ ಆಟ ಆಡಿದಂತೆಯೇ ಲೆಕ್ಕ ಎಂದು ಅಮರೇಶ ಹೇಳುತ್ತಾನೆ. ವಿಧಾನ ಬದಲಾಗಿದೆ, ಬಗ್ಗಿ ನೋಡುವವರು ಬದಲಾಗಿಲ್ಲ.

ಇನ್ನು ಕಾಲುವೆ ದಂಡೆಯ ಶಾಲೆ.

ಮಸ್ಕಿಯಲ್ಲಿ ಓಟ, ಕಬಡ್ಡಿ, ಖೋ ಖೋ ಬಿಟ್ಟರೆ ಬೇರೆ ಆಟ ನಾನು ಆಡಿಸಿರಲಿಲ್ಲ. ಸಿಂಧನೂರಿನ ಸುತ್ತ ಬಂಗಾಲಿ ಕ್ಯಾಂಪುಗಳಿವೆ. ದೇಶ ಒಡೆದ ಮೇಲೆ ಬಂಗಾಲದ ಆ ಕಡೆಯಿಂದ ಬಂದ ಕುಟುಂಬಗಳಿಗೆ ಸರ್ಕಾರ ಇಲ್ಲಿ ಭೂಮಿ ಕೊಟ್ಟು ನೆಲೆ ಮಾಡಿಸಿತ್ತು. ಆ ಮನೆಗಳ ಹುಡುಗರು ನಮ್ಮ ಶಾಲೆಗೆ ಬರುತ್ತಿದ್ದರು. ಅವರಿಗೆ ಫುಟ್‌ಬಾಲ್ ಬಿಟ್ಟರೆ ಬೇರೆ ಆಟವೇ ಇಲ್ಲ. ಭತ್ತ ಕೊಯ್ದ ಗದ್ದೆಯಲ್ಲಿ, ಕೂಳೆ ಚುಚ್ಚುವ ನೆಲದಲ್ಲಿ ಬರಿಗಾಲಿನಲ್ಲಿ ಆಡುತ್ತಿದ್ದರು. ನಾನು ಫುಟ್‌ಬಾಲ್ ಕಲಿತದ್ದೇ ಅವರಿಂದ, ಮಾಸ್ತರನಾಗಿ ಅದನ್ನು ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಶಾಲೆಯ ಮೈದಾನ ಚೆನ್ನಾಗಿತ್ತು. ಒಂದೇ ತೊಂದರೆ. ಒಂದು ಬದಿಯ ಗೋಲಿನ ಹಿಂದೆ ಹತ್ತು ಹೆಜ್ಜೆಗೆ ಕಾಲುವೆ. ಬೇಸಿಗೆಯಲ್ಲಿ ಒಣಗಿರುತ್ತದೆ, ಆದರೆ ಆಗ ಶಾಲೆಗೆ ರಜೆ. ಮಳೆಗಾಲದಲ್ಲಿ ಭತ್ತಕ್ಕೆ ನೀರು ಬಿಡುತ್ತಾರೆ, ಕಾಲುವೆ ಅಂಚು ಮುಟ್ಟಿ ಹರಿಯುತ್ತದೆ. ಕ್ರೀಡಾಕೂಟಗಳು ಬರುವುದೂ ಆಗಲೇ. ವರ್ಷಕ್ಕೆ ಶಾಲೆಗೆ ಸಿಗುತ್ತಿದ್ದದ್ದು ಒಂದು ಫುಟ್‌ಬಾಲ್.

ಒಂದು ಸಂಜೆ ಯಾರೋ ಜೋರಾಗಿ ಒದ್ದ ಚೆಂಡು ಗೋಲಿನ ಮೇಲಿಂದ ಹಾರಿ ಕಾಲುವೆಗೆ ಬಿತ್ತು. ನಾನು ಸೀಟಿ ಊದುವುದರೊಳಗೆ ಒಬ್ಬ ಹುಡುಗ ಅಂಗಿ ಸಹಿತ ನೀರಿಗೆ ಹಾರಿದ. ಚೆಂಡು ಮುಂದೆ, ಹುಡುಗ ಹಿಂದೆ. ದಂಡೆಯ ಮೇಲೆ ನಾವೆಲ್ಲ ಓಡಿದೆವು. ತೂಬಿನ ಹತ್ತಿರ ನೀರು ಕಟ್ಟುತ್ತಿದ್ದ ರೈತನೊಬ್ಬ ಸಲಿಕೆಯ ಕಾವು ಚಾಚಿ ಅವನನ್ನು ಎಳೆದುಕೊಂಡ. ಚೆಂಡು ಹೋಯಿತು. ಹುಡುಗ ಕೆಮ್ಮುತ್ತ ಕುಳಿತಿದ್ದ. ಮರುದಿನ ಈ ಶಾಲೆಯ ಹೆಡ್ ಮಾಸ್ತರರು ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, ಇನ್ನೊಮ್ಮೆ ಚೆಂಡು ಕಾಲುವೆಗೆ ಬಿದ್ದರೆ ಆ ಮೈದಾನದಲ್ಲಿ ಜೋಳ ಬಿತ್ತಿಸುತ್ತೇನೆ ಅಂದರು.

ಆಗ ನಾನು ಒಂದು ನಿಯಮ ಮಾಡಿದೆ. ಗೋಲಿನ ಹತ್ತಿರ ಯಾರೂ ಜೋರಾಗಿ ಒದೆಯಬಾರದು. ಚೆಂಡನ್ನು ಪಾಸ್ ಮಾಡುತ್ತ ಮಾಡುತ್ತ ಗೋಲಿನ ಬಾಯಿಗೆ ಒಯ್ದು, ಕಾಲಿನಿಂದ ಮೆಲ್ಲಗೆ ಒಳಗೆ ಇಟ್ಟು ಬರಬೇಕು. "ಇಟ್ಟು ಬಾ" ಎಂಬುದು ಮೈದಾನದಲ್ಲಿ ನನ್ನ ಮಂತ್ರವಾಯಿತು. ಯಾರಾದರೂ ಎತ್ತಿ ಒದ್ದರೆ ಸೀಟಿ ಊದಿ ಹೊರಗೆ ಕೂರಿಸುತ್ತಿದ್ದೆ. ಅಂಥವನು ಒಂದು ವಾರ ಸುಣ್ಣದ ಬುಟ್ಟಿ ಹೊರಬೇಕು. ಆಟದ ಮಧ್ಯದಲ್ಲಿ ಬದಿ ಬದಲಾಗುತ್ತದಲ್ಲ, ಹುಡುಗರಿಗೆ ಗೊಂದಲವಾಗುತ್ತದೆಂದು ಎರಡೂ ಗೋಲಿಗೆ ಅದೇ ನಿಯಮ ಹಾಕಿದೆ. ಆಮೇಲೆ ಒಂದು ಚೆಂಡೂ ಕಾಲುವೆಗೆ ಹೋಗಲಿಲ್ಲ. ಹೆಡ್ ಮಾಸ್ತರರು ಖುಷಿಯಾದರು. ನಾನೂ ಖುಷಿಯಾದೆ.

ನಿಯಮಕ್ಕೆ ಕಾರಣ ಇತ್ತು. ಈಗಲೂ ಅದನ್ನು ತಪ್ಪು ಅನ್ನುವುದಿಲ್ಲ. ತಪ್ಪು ಶುರುವಾದದ್ದು ಗೌರಂಗನಿಂದ. ಅಲ್ಲ, ಗೌರಂಗನ ವಿಷಯದಲ್ಲಿ ನನ್ನಿಂದ.

ಗೌರಂಗ ಕ್ಯಾಂಪಿನ ಹುಡುಗ. ಅಪ್ಪ ಮೀನು ಹಿಡಿಯುತ್ತಿದ್ದ. ಹುಡುಗನ ಕಾಲಿನಲ್ಲಿ ಏನಿತ್ತೋ, ಅವನು ಒದ್ದರೆ ಚೆಂಡಿನ ಸದ್ದೇ ಬೇರೆ. ಮೈದಾನಕ್ಕೆ ಬೆನ್ನು ಮಾಡಿ ನಿಂತಿದ್ದರೂ ಒದ್ದವನು ಗೌರಂಗ ಎಂದು ಗೊತ್ತಾಗುತ್ತಿತ್ತು. ಸಹಜವಾಗಿಯೇ ನನ್ನ ನಿಯಮಕ್ಕೆ ಎಲ್ಲರಿಗಿಂತ ಹೆಚ್ಚು ಸಿಕ್ಕಿಬಿದ್ದವನು ಅವನು. ಮೊದಲ ಮಳೆಗಾಲದಲ್ಲಿ ಆಟಕ್ಕಿಂತ ಸುಣ್ಣದ ಬುಟ್ಟಿಯ ಜೊತೆ ಇದ್ದದ್ದೇ ಹೆಚ್ಚು. ಮುಂದಿನ ವರ್ಷ ಕಲಿತುಕೊಂಡ. ಎಷ್ಟು ಚೆನ್ನಾಗಿ ಕಲಿತನೆಂದರೆ, ಗೋಲಿನ ಮುಂದೆ ಬಂದಾಗ ಕಾಲು ಹಿಂದಕ್ಕೆ ಎತ್ತಿ, ನನ್ನ ಕಡೆ ನೋಡಿ, ಮತ್ತೆ ಕೆಳಗಿಟ್ಟು, ಮೆಲ್ಲಗೆ ಚೆಂಡು ತಳ್ಳಿ ಬರುತ್ತಿದ್ದ. ಅವನಷ್ಟು ಮಾತು ಕೇಳುವ ಹುಡುಗ ಇಲ್ಲ ಎಂದು ನಾನೇ ಬೇರೆಯವರಿಗೆ ಹೇಳುತ್ತಿದ್ದೆ.

ಆ ವರ್ಷ ನಮ್ಮ ತಂಡ ಜಿಲ್ಲೆಯ ಅಂತಿಮ ಆಟಕ್ಕೆ ಹೋಯಿತು. ಆಟ ಹಟ್ಟಿಯಲ್ಲಿ. ಗಣಿಯ ಊರು, ಅಲ್ಲಿ ಆಟ ನೋಡುವ ಮಂದಿ ಇದ್ದಾರೆ. ಶಿಫ್ಟಿನ ಭೋಂಗಾ ಕೂಗಿದ ಮೇಲೆ ಕೆಲಸ ಮುಗಿಸಿದವರು ತಲೆಯ ಮೇಲೆ ಟೊಪ್ಪಿಗೆ ಇದ್ದ ಹಾಗೆಯೇ ಬಂದು ಮೈದಾನದ ಸುತ್ತ ನಿಂತರು. ವಿಭಾಗದ ತಂಡಕ್ಕೆ ಹುಡುಗರನ್ನು ಆರಿಸಲು ಕಲಬುರಗಿಯಿಂದ ಒಬ್ಬ ಸಾಹೇಬರು ಬಂದು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಯಾರಿಗೂ ಗೋಲು ಆಗಿರಲಿಲ್ಲ. ಆಟ ಮುಗಿಯಲು ಸ್ವಲ್ಪ ಹೊತ್ತಿದ್ದಾಗ ಚೆಂಡು ಗೌರಂಗನ ಕಾಲಿಗೆ ಬಂತು. ಎದುರು ತಂಡದ ಗೋಲ್‌ಕೀಪರ್ ಮುಂದೆ ಓಡಿ ಬಂದವನು ಜಾರಿ ಬಿದ್ದ. ಗೌರಂಗನ ಮುಂದೆ ಬರೀ ಗೋಲು.

ಅವನು ಕಾಲು ಎತ್ತಿದ. ನನ್ನ ಕಡೆ ನೋಡಿದ. ಕಾಲು ಕೆಳಗಿಟ್ಟ.

ಅಲ್ಲಿ ಕಾಲುವೆ ಇರಲಿಲ್ಲ. ಗೋಲಿನ ಹಿಂದೆ ಬರೀ ಕಲ್ಲುನೆಲ. ಆದರೂ ಅವನು ಚೆಂಡನ್ನು ಮೆಲ್ಲಗೆ ತಳ್ಳುತ್ತ ಗೋಲಿನ ಬಾಯಿಗೆ ಒಯ್ಯಲು ಹೊರಟ, ಇಟ್ಟು ಬರುವುದಕ್ಕೆ. ಅಷ್ಟರಲ್ಲಿ ಅವರ ಒಬ್ಬ ಹುಡುಗ ಹಿಂದಿನಿಂದ ಬಂದು ಚೆಂಡು ಕಿತ್ತುಕೊಂಡು ಒದ್ದ. ಅದೇ ಓಟದಲ್ಲಿ ಅವರು ನಮ್ಮ ಮೇಲೆ ಗೋಲು ಮಾಡಿದರು. ಸೋತೆವು.

ಆಟ ಮುಗಿದ ಮೇಲೆ ಸಾಹೇಬರು ನನ್ನನ್ನು ಕರೆದರು. ಹುಡುಗನ ಓಟ ಚೆನ್ನಾಗಿದೆ, ಚೆಂಡಿನ ಮೇಲೆ ಹಿಡಿತ ಇದೆ, ಆದರೆ ಎದುರಿಗೆ ಯಾರೂ ಇಲ್ಲದಾಗ ಏಕೆ ಒದೆಯಲಿಲ್ಲ ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದರು. ನಾನು ಕಾಲುವೆಯ ಕಥೆ ಹೇಳಬಹುದಿತ್ತು. ನಕ್ಕು ಬಿಡುತ್ತಿದ್ದರೋ ಏನೋ. ಆದರೆ ಸುತ್ತ ಬೇರೆ ಶಾಲೆಗಳ ಮಾಸ್ತರರು ನಿಂತಿದ್ದರು. ಒದೆಯಬೇಡ ಎಂದು ಕಲಿಸಿದ ಫುಟ್‌ಬಾಲ್ ಮಾಸ್ತರ ಅನ್ನಿಸಿಕೊಳ್ಳಲು ನನಗೆ ನಾಚಿಕೆಯಾಯಿತು.

"ಅಂಜ್ತಾನ್ರೀ ಸಾಹೇಬ್ರ," ಅಂದೆ. "ಆಟ ಐತಿ, ಎದಿ ಇಲ್ಲ ಅವ್ಗ."

ಸಾಹೇಬರು ತಲೆಯಾಡಿಸಿ ಬೇರೆ ಹುಡುಗನನ್ನು ಆರಿಸಿದರು. ನಾನು ತಿರುಗಿದರೆ, ಹಿಂದೆ ಗೌರಂಗ ನೆಲದ ಮೇಲೆ ಕುಳಿತು ಎರವಲು ತಂದ ಬೂಟು ಬಿಚ್ಚುತ್ತಿದ್ದ. ಕೇಳಿಸಿಕೊಂಡನೋ ಇಲ್ಲವೋ ಎಂದು ಮುಖ ನೋಡಿದೆ. ತಿಳಿಯಲಿಲ್ಲ. ತಿಳಿಯಬಾರದು ಎಂದೇ ನಾನು ಸರಿಯಾಗಿ ನೋಡಲಿಲ್ಲ ಅಂತ ಕಾಣುತ್ತದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗರು ಅವನನ್ನು ಪುಕ್ಕಲ ಎಂದು ಕಾಡಿದರು. ಲಿಂಗಸುಗೂರು ದಾಟಿ ಮಸ್ಕಿ ಬರುವ ತನಕ ಕಾಡಿದರು. ಮುಂದಿನ ಸೀಟಿನಲ್ಲಿ ಕುಳಿತ ನಾನು ನಿದ್ದೆ ಬಂದವನ ಹಾಗೆ ಕಣ್ಣು ಮುಚ್ಚಿದ್ದೆ. ಆ ವರ್ಷ ಮುಗಿದ ಮೇಲೆ ಅವನು ಶಾಲೆ ಬಿಟ್ಟು ಅಪ್ಪನ ಜೊತೆ ಮೀನಿನ ಕೆಲಸಕ್ಕೆ ಹೋದ.

ನಾನು ಲಿಂಗಸುಗೂರಿಗೆ ವರ್ಗವಾದೆ. ಅಲ್ಲಿನ ಮೈದಾನದ ಸುತ್ತ ಕಾಲುವೆ ಇಲ್ಲ, ಕೆರೆ ಇಲ್ಲ, ಒಂದು ಹಳ್ಳವೂ ಇಲ್ಲ. ಚೆಂಡು ಎಷ್ಟು ದೂರ ಹೋದರೂ ಜಾಲಿ ಗಿಡದ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿಯೂ ನಾನು "ಇಟ್ಟು ಬಾ" ಅಂದೆ. ಇಷ್ಟು ವರ್ಷಗಳ ಅಭ್ಯಾಸ, ಬಾಯಿಗೆ ಅದೇ ಬರುತ್ತಿತ್ತು. ಅಲ್ಲಿ ಆಡಿದ ಹುಡುಗರಿಗೆ ಇದಕ್ಕೊಂದು ಕಾರಣ ಇತ್ತೆಂಬುದೇ ಗೊತ್ತಿರಲಿಲ್ಲ. ಫುಟ್‌ಬಾಲ್ ಆಡುವುದೇ ಹೀಗೆ ಅಂದುಕೊಂಡರು. ಅವರಲ್ಲಿ ಅಮರೇಶನೂ ಒಬ್ಬ.

ನಿವೃತ್ತಿಯ ಮೇಲೆ ಸಿಂಧನೂರಿಗೆ ಬಂದೆ. ನಮ್ಮ ಓಣಿಯ ತಿರುವಿನಲ್ಲಿ ಖಾಸಿಂನ ಚಹಾದ ಹೋಟೆಲ್ ಇದೆ. ಗೋಡೆಗೆ ಟಿ.ವಿ. ಹಾಕಿದ್ದಾನೆ. ಕ್ರಿಕೆಟ್ಟಿಗೆ ಜನ ಎಲ್ಲ ಹೋಟೆಲಿಗೂ ಹೋಗುತ್ತಾರೆ, ಫುಟ್‌ಬಾಲಿಗೆ ಇಲ್ಲಿಗೇ ಬರುತ್ತಾರೆ. ಕ್ಯಾಂಪಿನವರು, ಭತ್ತದ ಮಿಲ್ಲಿನ ಹುಡುಗರು, ಶಾಲೆ ಬಿಟ್ಟ ಮೇಲೆ ಅಮರೇಶ. ಮಾರ್ಕೆಟ್ಟಿನಲ್ಲಿ ಮೀನು ಮಾರಿ ಮುಗಿಸಿ ಗೌರಂಗನೂ ಬರುತ್ತಾನೆ. ಈಗ ತಲೆ ನರೆತಿದೆ, ಹೊಟ್ಟೆ ಬಂದಿದೆ. ನನ್ನನ್ನು ಕಂಡರೆ ಎದ್ದು ನಿಂತು ನಮಸ್ಕಾರ ಮಾಡಿ ಜಾಗ ಕೊಡುತ್ತಾನೆ. ಆ ನಮಸ್ಕಾರ ನನಗೆ ಯಾವತ್ತೂ ದಕ್ಕುತ್ತಿರಲಿಲ್ಲ. ಅವನು ಎದ್ದಾಗಲೆಲ್ಲ ಇವತ್ತು ಹೇಳಬೇಕು ಅಂದುಕೊಳ್ಳುತ್ತಿದ್ದೆ, ಚಹಾ ಮುಗಿಯುವುದರೊಳಗೆ ಇನ್ನೊಂದು ದಿನ ಅನ್ನಿಸುತ್ತಿತ್ತು.

ಆ ಸಂಜೆ ನಮ್ಮ ದೇಶದ ತಂಡ ನಮಗಿಂತ ಎಷ್ಟೋ ಸಣ್ಣ ದೇಶದ ಎದುರು ಸೋತಿತ್ತು. ಸೋತದ್ದಕ್ಕಿಂತ ಸೋತ ರೀತಿಗೆ ಎಲ್ಲರ ಹೊಟ್ಟೆ ಉರಿದಿತ್ತು. ಚೆಂಡು ಪೂರ್ತಿ ಹೊತ್ತು ನಮ್ಮವರ ಕಾಲಲ್ಲೇ ಇತ್ತು, ಗೋಲಿನ ಹತ್ತಿರ ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಮಿಲ್ಲಿನ ಹುಡುಗನೊಬ್ಬ ತರಬೇತುದಾರನನ್ನು ಬೈದ. ಇನ್ನೊಬ್ಬ, ಕ್ಲಬ್ಬುಗಳು ಮುಂದಿನ ಜಾಗಕ್ಕೆಲ್ಲ ಹೊರದೇಶದವರನ್ನೇ ತಂದು ನಿಲ್ಲಿಸುತ್ತವೆ, ನಮ್ಮ ಹುಡುಗರು ಬದಿಯಲ್ಲಿ ಓಡುತ್ತಾರೆ, ಹಾಗಿದ್ದ ಮೇಲೆ ಗೋಲು ಹೊಡೆಯುವವನು ಎಲ್ಲಿಂದ ಹುಟ್ಟಬೇಕು ಎಂದ. ಅಮರೇಶ ಅದನ್ನು ಒಪ್ಪಲಿಲ್ಲ. ಅವಕಾಶ ಸಿಕ್ಕಾಗಲೂ ಹೊಡೆಯುತ್ತಿಲ್ಲವಲ್ಲ, ಎದುರಿಗೆ ಗೋಲು ಕಂಡರೂ ಪಕ್ಕದವನನ್ನು ಹುಡುಕುತ್ತಾರಲ್ಲ, ಅದಕ್ಕೆ ಯಾರು ಹೊಣೆ ಎಂದು ಕೇಳಿದ.

"ನೂರಾ ನಲವತ್ತು ಕೋಟಿ ಮಂದ್ಯಾಗ ಒಬ್ಬ ಸ್ಟ್ರೈಕರ್ ಸಿಗಂಗಿಲ್ಲಂದ್ರ ಏನಪಾ ಇದು," ಅಂದ ಖಾಸಿಂ, ಚಹಾ ಸೋಸುತ್ತ. "ಮುಂದ ಆಡೋ ಈ ಹುಡುಗ ಬೀಗರ ಮನಿಗೆ ಹೋದಂಗ ಹೋಗ್ತಾನ. ಬಾಗಲ ತನಕ ಹೋಗಿ ಚಪ್ಲಿ ಬಿಡಾಕ ಜಾಗ ಹುಡುಕ್ತಾನ."

ಎಲ್ಲರೂ ನಕ್ಕರು. ಗೌರಂಗ ನಗಲಿಲ್ಲ.

"ಬೈಬ್ಯಾಡ್ರಿ ಆ ಹುಡುಗನ್ನ," ಅಂದ. "ಅಲ್ಲಿ ನಿಂತವ್ಗ ಗೊತ್ತಾಗ್ತೈತಿ. ಎದುರಿಗೆ ಬರೀ ಗೋಲ್ ಇರ್ತೈತಿ, ಕಾಲು ಏಳಂಗಿಲ್ಲ. ಎಲ್ಲಾರಿಗೂ ದೇವ್ರು ಎದಿ ಕೊಟ್ಟಿರಂಗಿಲ್ರೀ. ನನಗೂ ಹಂಗ ಆಗಿತ್ತು. ಮಾಸ್ತರ್ನ ಕೇಳ್ರಿ, ಹಟ್ಟ್ಯಾಗ ಕಣ್ಣಾರೆ ನೋಡ್ಯಾರ."

ಅವನು ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ತನ್ನ ಕಾಲು ಕುಂಟು ಎಂದು ಹೇಳುವವನ ಹಾಗೆ, ಅದಕ್ಕೆ ಒಗ್ಗಿಹೋದವನ ಹಾಗೆ ಹೇಳಿದ. ಆಮೇಲೆ ಇನ್ನೊಂದು ಸೇರಿಸಿದ. ಅವನ ಭಾವ ಒಂದು ಕೆರೆ ಗುತ್ತಿಗೆ ಹಿಡಿದು ಮೀನು ಸಾಕೋಣ, ನೀನೂ ಬಾ ಎಂದು ಕರೆದಿದ್ದನಂತೆ. ನನ್ನಿಂದ ಅಷ್ಟು ದೊಡ್ಡದು ಆಗುವುದಿಲ್ಲ, ನನ್ನ ಸ್ವಭಾವ ನನಗೆ ಗೊತ್ತು ಎಂದು ಹಿಂದೆ ಸರಿದನಂತೆ. ಭಾವ ಈಗ ಎರಡು ಕೆರೆ ಹಿಡಿದಿದ್ದಾನೆ.

ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಚಹಾದ ಗ್ಲಾಸು ಕೈಯಲ್ಲಿತ್ತು. ಮಸ್ಕಿಯ ಹೆಡ್ ಮಾಸ್ತರರು ಕನ್ನಡಕ ಒರೆಸಿಕೊಳ್ಳುತ್ತಿದ್ದದ್ದು ನೆನಪಿಗೆ ಬಂತು. ಗ್ಲಾಸನ್ನು ಬೆಂಚಿನ ಮೇಲಿಟ್ಟೆ.

"ಗೌರಂಗ, ನೀ ಅವತ್ತು ಅಂಜಿದ್ದಿಲ್ಲಪಾ," ಅಂದೆ. "ಹೊಡೀಬ್ಯಾಡ ಅಂತ ನಿನಗ ನಾನ ಕಲಿಸಿದ್ದೆ. ಹಿಂದ ಕಾಲುವಿ ಐತಿ ಅಂತ. ನೀ ಕಾಲೆತ್ತಿ ನನ್ನ ಕಡೆ ನೋಡಿದಿ. ಆ ಸಾಹೇಬ್ರು ಕೇಳಿದಾಗ ನಾ ಇದನ್ನ ಹೇಳ್ಬೇಕಿತ್ತು. ನನ್ನ ಮರ್ಯಾದಿ ಉಳಿಸ್ಕೊಳ್ಳಾಕ ನಿನಗ ಎದಿ ಇಲ್ಲ ಅಂದೆ."

ಖಾಸಿಂ ಒಲೆಯ ಉರಿ ಸಣ್ಣ ಮಾಡಿದ. ಗೌರಂಗ ನನ್ನ ಕಡೆ ತಿರುಗಿ ಕುಳಿತ.

"ಹಂಗಾದ್ರ ನಾ ಅಂಜಿದ್ದಿಲ್ಲೇನ್ರೀ?"

"ಇಲ್ಲ."

"ನೀವು ಅಂದದ್ದು ನಾ ಕೇಳಿಸ್ಕೊಂಡಿದ್ನಿರೀ ಸರ್. ಕೇಳಿಸ್ಕೊಂಡು ನಂಬಿದ್ನಿ. ಮಾಸ್ತರ್ ಹೇಳಿದ್ದು ಸುಳ್ಳು ಇರ್ತೈತಂತ ಯಾರು ಅನ್ಕೋತಾರ್ರೀ."

ಇಷ್ಟು ಹೇಳಿ ಅವನು ಎದ್ದ. ಚಹಾ ಅರ್ಧ ಉಳಿದಿತ್ತು. ಹೊರಗೆ ನಿಲ್ಲಿಸಿದ್ದ ಮೊಪೆಡ್ಡು ಹತ್ತಿದ. ಹಿಂದಿನ ಖಾಲಿ ಮೀನಿನ ಡಬ್ಬ ಕುಲುಕಾಡುತ್ತ ಹೋದದ್ದು ಕೇಳಿಸಿತು. ಎಂದೂ ಹೋಗುವಾಗ ಹೇಳದೆ ಹೋದವನಲ್ಲ. ಅಮರೇಶ ಮೆಲ್ಲಗೆ, "ಅಲ್ರೀ ಸರ್, ಇಟ್ಟು ಬಾ ಅಂತಿದ್ರಲ್ಲ, ಅದು ಕಾಲುವಿ ಸಲುವಾಗೇನು?" ಅಂದ. ತಾನು ಬಂದ ಮೊದಲ ವಾರವೇ ಶಾಲೆಯ ಗೋಡೆಗೆ, ಗೋಲಿನ ಹತ್ತಿರ ಜೋರಾಗಿ ಒದೆಯಬಾರದು ಎಂದು ಬಣ್ಣದಲ್ಲಿ ಬರೆಸಿದ ಹಲಗೆ ಹಾಕಿಸಿದ್ದನಂತೆ. ನನ್ನ ಮೇಲಿನ ಗೌರವಕ್ಕೆ. ಈಗ ಆ ಶಾಲೆಯಲ್ಲಿ ಒಂದು ಚೀಲ ತುಂಬ ಚೆಂಡುಗಳಿವೆ. ಚೆಂಡು ಒಂದೇ ಇದ್ದ ಕಾಲದ ನಿಯಮ ಹಾಗೇ ಉಳಿದಿತ್ತು.

ಮರುದಿನವೂ ಅದರ ಮರುದಿನವೂ ಗೌರಂಗ ಹೋಟೆಲಿಗೆ ಬರಲಿಲ್ಲ. ಮೂರನೆಯ ದಿನ ನಾನೇ ಮೀನಿನ ಮಾರ್ಕೆಟ್ಟಿಗೆ ಹೋದೆ. ನಾನು ಮೀನು ತಿನ್ನುವವನಲ್ಲ, ಆ ಕಡೆ ಹೋದದ್ದೇ ಅಪರೂಪ. ಅವನ ಜಾಗದಲ್ಲಿ ಹೆಂಡತಿ ಮಿನತಿ ಕುಳಿತು ಮೀನು ಹೆಚ್ಚುತ್ತಿದ್ದಳು. ಗೌರಂಗ ಎಲ್ಲಿ ಎಂದು ಕೇಳಿದರೆ ಕತ್ತೆತ್ತದೆ, "ಮೀನಿನ ಬಲಿ ತಗೊಂಡು ಮುಂಜಾನೇನ ಹೋಗ್ಯಾರ್ರೀ. ಎಲ್ಲಿಗಂತ ಹೇಳಿಲ್ಲ," ಅಂದಳು. ಸಿಟ್ಟಿನಿಂದ ಮನೆಯಲ್ಲೂ ಮಾತು ಬಿಟ್ಟಿದ್ದಾನೆ ಅಂದುಕೊಂಡೆ. ಅವನ ಜಾಗದಲ್ಲಿ ನಾನಿದ್ದರೆ ಮಾತು ಬಿಡುವುದಿರಲಿ, ಹೋಟೆಲಿನಲ್ಲೇ ಕೊರಳಪಟ್ಟಿ ಹಿಡಿಯುತ್ತಿದ್ದೆ. ಬಸ್ ಸ್ಟ್ಯಾಂಡಿನ ತನಕ ನಡೆದು ಬರುವಷ್ಟರಲ್ಲಿ ಅಮರೇಶನ ಫೋನು ಬಂತು. ತಕ್ಷಣ ಶಾಲೆಗೆ ಬನ್ನಿ ಅಂದ. ಏನಾಯಿತು ಎಂದರೆ ಹೇಳಲಿಲ್ಲ.

ಆಟೋ ಮಾಡಿಕೊಂಡು ಹೋದೆ. ಕಾಲುವೆ ತುಂಬಿ ಹರಿಯುತ್ತಿತ್ತು. ಎಷ್ಟೋ ವರ್ಷದ ಮೇಲೆ ಆ ಮೈದಾನ ನೋಡಿದ್ದು. ಗೋಲಿನ ಹಿಂದೆ ಎರಡು ಉದ್ದನೆಯ ಬಿದಿರು ನೆಟ್ಟಿದ್ದರು. ಒಂದು ಬಿದಿರಿನ ಬುಡದಲ್ಲಿ ಗೌರಂಗ ಕುಳಿತಿದ್ದ, ಲುಂಗಿ ಮೇಲೆ ಕಟ್ಟಿ. ಅವನ ಸುತ್ತ ಮೀನಿನ ಬಲೆಗಳ ರಾಶಿ. ಹರಿದವು, ಬಣ್ಣ ಹೋದವು, ಒಂದಕ್ಕೊಂದು ಸೇರಿಸಿ ಹೊಲಿದವು. ಹುಡುಗರು ಬಲೆಯ ಒಂದು ಅಂಚು ಹಿಡಿದು ಎಳೆಯುತ್ತಿದ್ದರು.

ಅವನು ನನ್ನನ್ನು ನೋಡಿ ಎದ್ದ. ನಮಸ್ಕಾರ ಮಾಡಲಿಲ್ಲ. ಕೈಯಲ್ಲಿ ದಾರ ಇತ್ತು.

"ಸರ್, ನೀವು ಅವತ್ತು ನಮ್ಮಪ್ಪನ್ನ ಒಂದು ಮಾತು ಕೇಳಿದ್ರ ಆಗ್ತಿತ್ತು," ಅಂದ. "ಕ್ಯಾಂಪಿನ್ಯಾಗ ಹರಕ ಬಲಿ ಇಲ್ಲದ ಮನಿ ಒಂದೂ ಇದ್ದಿಲ್ಲ."

ಇಷ್ಟು ವರ್ಷ ಆ ಕಾಲುವೆಯನ್ನು ದಿನಾ ನೋಡಿದ್ದೆ, ಮೀನುಗಾರರ ಮಕ್ಕಳಿಗೆ ಆಟ ಕಲಿಸಿದ್ದೆ. ಚೆಂಡನ್ನು ಹಿಡಿಯುವ ವಸ್ತು ಅವರ ಮನೆಯ ಗೋಡೆಯ ಮೇಲೆ ತೂಗುತ್ತಿತ್ತು. ನನಗೆ ಹೊಳೆದದ್ದು ಒದೆಯಬೇಡಿ ಎಂಬುದು ಮಾತ್ರ. "ತಪ್ಪಾತಪಾ," ಅಂದೆ. ಅವನು ತಲೆಯಾಡಿಸಿ ದಾರ ಕಟ್ಟುವುದನ್ನು ಮುಂದುವರಿಸಿದ. ನಾನೂ ಪಕ್ಕದಲ್ಲಿ ಕುಳಿತು ಬಲೆಯ ಅಂಚು ಹಿಡಿದುಕೊಂಡೆ. ಕಟ್ಟುತ್ತ ಕಟ್ಟುತ್ತ ಅವನು ಹೇಳಿದ್ದು ಇಷ್ಟು. ಮೊದಲ ದಿನ ನನ್ನ ಮೇಲೆ ಬಹಳ ಸಿಟ್ಟು ಬಂದಿತ್ತಂತೆ. ಎರಡನೆಯ ದಿನ ಸಿಟ್ಟಿನ ಜೊತೆ ನಗುವೂ ಬಂತಂತೆ.

ಬಲೆ ಏರಿಸಿ ಆದ ಮೇಲೆ ಹುಡುಗರು ಅವನನ್ನು ಬಿಡಲಿಲ್ಲ, ಮೊದಲ ಚೆಂಡು ನೀವೇ ಒದೆಯಬೇಕು ಎಂದು ಕೈ ಹಿಡಿದು ಎಳೆದರು. ಅಮರೇಶ ಚೆಂಡು ಇಟ್ಟ. ಗೌರಂಗ ಚಪ್ಪಲಿ ಬಿಟ್ಟು, ಹಿಂದಕ್ಕೆ ಹೋಗಿ, ಓಡಿ ಬಂದು ಒದ್ದ. ಅದೇ ಸದ್ದು. ಚೆಂಡು ಗೋಲಿನ ಮೇಲಿಂದ, ಬಲೆಯ ಮೇಲಿಂದ, ಬಿದಿರಿನ ಮೇಲಿಂದ ಹಾರಿ ನೇರವಾಗಿ ಕಾಲುವೆಗೆ ಬಿತ್ತು.

ಅಮರೇಶ ನನ್ನ ಕಡೆ ನೋಡಿದ. ಗೌರಂಗನೂ ಕುತ್ತಿಗೆ ತಿರುಗಿಸಿ ನನ್ನ ಕಡೆ ನೋಡಿದ, ಹಟ್ಟಿಯಲ್ಲಿ ನೋಡಿದ ಹಾಗೆಯೇ. ಚೆಂಡು ತೇಲುತ್ತ ತೂಬಿನ ಕಡೆ ಹೋಗುತ್ತಿತ್ತು.

"ಇನ್ನೊಂದು ಇಡೋ ಅಮರೇಶ," ಅಂದೆ. "ಹೊಡಿ ಗೌರಂಗ."

ಅವನು ಒದ್ದ. ಬಲೆ ಕಾಲುವೆಯ ಕಡೆಗೆ ಉಬ್ಬಿ, ಚೆಂಡನ್ನು ಹಿಡಿದು, ವಾಪಸ್ ತಂದು ನೆಲಕ್ಕೆ ಬಿಟ್ಟಿತು. ಹುಡುಗರು ಕೂಗಿದ ಕೂಗಿಗೆ ಆಚೆ ದಂಡೆಯ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಎದ್ದವು. ಗಾಳಿಗೆ ಬಲೆ ಮೇಲೇಳದಂತೆ ಬುಡಕ್ಕೆ ಭಾರ ಇಡಬೇಕಿತ್ತು. ಅಮರೇಶ ಹೋಗಿ ಗೋಡೆಯ ಹಲಗೆ ಕಿತ್ತು ತಂದು, ಅಕ್ಷರ ಕೆಳಗೆ ಮಾಡಿ ಅಂಚಿನ ಮೇಲಿಟ್ಟ. ನಾನು ಒಂದು ಕಲ್ಲು ಹೇರಿದೆ.

ಈ ಕೆಲಸಕ್ಕೆ ಬರುವವರು ನನ್ನಿಂದ ಒಂದು ಸಲಹೆ ಕೇಳಿದರೆ, ನೀವು ಮಾಡುವ ನಿಯಮದ ಕಾರಣವನ್ನು ಹುಡುಗರಿಗೆ ಹೇಳಿ ಎನ್ನುತ್ತೇನೆ. ಕಾರಣ ಗೊತ್ತಿದ್ದರೆ, ಕಾಲುವೆ ಇಲ್ಲದ ಊರಿನಲ್ಲಿ ಅವರು ಅದನ್ನು ಬಿಟ್ಟುಬಿಡುತ್ತಾರೆ. ಉಳಿದದ್ದನ್ನೆಲ್ಲ ನೀವು ನಿಮ್ಮ ತಪ್ಪುಗಳಿಂದಲೇ ಕಲಿಯಬೇಕು. ಅಳೆಯುವ ಹಗ್ಗ ಮಾತ್ರ ನೆನೆಯದಂತೆ ನೋಡಿಕೊಳ್ಳಿ.

ಗೌರಂಗ ಹೋಟೆಲಿಗೆ ಮತ್ತೆ ಬರುತ್ತಾನೆ. ಎದ್ದು ನಿಂತು ನಮಸ್ಕಾರ ಮಾಡುವುದನ್ನು ಬಿಟ್ಟಿದ್ದಾನೆ, ಸರಿದು ಜಾಗ ಕೊಡುತ್ತಾನೆ, ಅದೇ ನನಗೆ ಹಿತ. ಕೆರೆಯ ವಿಷಯ ಭಾವನ ಹತ್ತಿರ ಮಾತಾಡಿದ್ದಾನಂತೆ, ಇನ್ನೂ ಏನೂ ತೀರ್ಮಾನವಾಗಿಲ್ಲ. ಮೊನ್ನೆ ನಮ್ಮ ದೇಶದ ತಂಡದ ಇನ್ನೊಂದು ಆಟ ಇತ್ತು. ಹೋಟೆಲ್ ತುಂಬಿತ್ತು. ನಮ್ಮ ಹುಡುಗನೊಬ್ಬ ಚೆಂಡು ತೆಗೆದುಕೊಂಡು ಎಲ್ಲರನ್ನೂ ದಾಟಿ ಗೋಲಿನ ಮುಂದೆ ಬಂದ. ಕಾಲು ಎತ್ತಿದ. ಆ ಕಡೆ ಈ ಕಡೆ ನೋಡಿದ. ಹಿಂದೆ ಇದೇ ಗೌರಂಗ ಅಂಥ ಹುಡುಗನ ಪರವಾಗಿ ಮಾತಾಡಿದ್ದ. ಈಗ ಬೆಂಚಿನಿಂದ ಎದ್ದು ನಿಂತು ಟಿ.ವಿ.ಗೆ ಕೂಗಿದ.

"ಹೊಡ್ಯೋ ಯಪ್ಪಾ, ಅಲ್ಲಿ ಕಾಲುವಿ ಇಲ್ಲ!"

ಹೋಟೆಲಿಗೆ ಹೋಟೆಲೇ ನಕ್ಕಿತು. ಖಾಸಿಂ ನನ್ನ ಕಡೆ ನೋಡಿ ನಕ್ಕ, ನಾನು ಎಲ್ಲರಿಗಿಂತ ಹೆಚ್ಚು ನಕ್ಕು ಧೋತರದ ಮೇಲೆ ಚಹಾ ಚೆಲ್ಲಿಕೊಂಡೆ. ಟಿ.ವಿ.ಯ ಆ ಹುಡುಗ ಮಾತ್ರ ಕಾಲು ಕೆಳಗಿಟ್ಟು ಪಕ್ಕಕ್ಕೆ ಪಾಸ್ ಕೊಟ್ಟ. ಅವನ ಮಾಸ್ತರ ಯಾವ ಊರಿನವನೋ, ಈ ಹೊತ್ತಿನಲ್ಲಿ ಯಾವ ಹೋಟೆಲಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದಾನೋ.